ಲಾನಿನ ಕಳೆ: ಕೀಳುವುದು ಹೇಗೆ, ಮುಟ್ಟಬಾರದ್ದು ಯಾವುದು



"ಸಿಸ್ಟರ್, ನಮ್ಮನೆ ಮುಂದೆ ಇರೋದು ಸೆಗಣಿ ಸಾರಿಸೋ ಅಂಗಳ. ಲಾನ್ ವಿಷಯ ನಮಗ್ಯಾಕೆ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಕಾಲ ಬದಲಾಗಿದೆ. 2008ರಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಮುತ್ತ ಬಡಾವಣೆಗಳು, ತೋಟದ ಮನೆಗಳು, ರೆಸಾರ್ಟುಗಳು ಎದ್ದಿವೆ. ಬಾಶೆಟ್ಟಿಹಳ್ಳಿ ಕಡೆಯ ಕಾರ್ಖಾನೆಗಳ ಮುಂದೆಯೂ ಹುಲ್ಲುಹಾಸು ಇದೆ. ಆ ಹುಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಕಳೆ ಕೀಳುವವರು ಯಾರು? ನಮ್ಮ ಸಂಘಗಳ ಹೆಣ್ಣುಮಕ್ಕಳೇ. ಮಗ್ಗದ ಕೆಲಸ ಇಲ್ಲದಾಗ, ರಾಗಿ ಕುಯ್ಲು ಮುಗಿದ ಮೇಲೆ, ಈ ಕೂಲಿಯೇ ಕೈ ಹಿಡಿಯುತ್ತದೆ.

ಈ ಲೇಖನ ಬರೆಯಲು ಒಂದು ಕಾರಣವಿದೆ. ಒಂದು ಸಂಘದ ವಾರದ ಸಭೆಗೆ ಒಬ್ಬ ಸದಸ್ಯೆ ಕೆಲಸ ಮುಗಿಸಿಕೊಂಡು ನೇರವಾಗಿ ಬಂದಿದ್ದರು. ಅವರ ಚೀಲದ ತುಂಬಾ ಹೊನಗೊನ್ನೆ, ಗೋಣಿ ಸೊಪ್ಪು. ಲಾನಿನಲ್ಲಿ ಕಿತ್ತ ಕಳೆಯಲ್ಲೇ ಆರಿಸಿಕೊಂಡಿದ್ದರು, ರಾತ್ರಿ ಬೆರಕೆ ಸೊಪ್ಪಿನ ಸಾರಿಗೆ. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬರು ಚೀಲ ನೋಡಿ, "ಅಕ್ಕಾ, ಇದು ಯಾವ ಮನೇದು? ಆ ಮೂಲೆ ಮನೇಲಾ? ನೆನ್ನೆ ಸಂಜೆ ಅಲ್ಲಿ ಕಳೆ ಔಷಧಿ ಹೊಡೆದ್ರು, ನಾನೇ ನೋಡ್ದೆ" ಎಂದರು. ಚೀಲ ತಂದವರ ಮುಖ ಬಿಳಿಚಿಕೊಂಡಿತು. ಮನೆಯಲ್ಲಿ ಮೂರು ವರ್ಷದ ಮೊಮ್ಮಗಳು ಅಜ್ಜಿಯ ಸೊಪ್ಪಿನ ಸಾರಿಗೆ ಕಾಯುತ್ತಿದ್ದಳು. ಔಷಧಿ ಹೊಡೆದ ವಿಷಯ ಮನೆಯವರೂ ಹೇಳಿರಲಿಲ್ಲ, ಹೊಡೆದವನೂ ಹೇಳಿರಲಿಲ್ಲ. ಇವರೂ ಕೇಳಿರಲಿಲ್ಲ. ಆ ದಿನ ಸೊಪ್ಪನ್ನು ಗುಂಡಿ ತೋಡಿ ಹೂತೆವು. ದೇವರ ದಯೆ, ಏನೂ ಆಗಲಿಲ್ಲ.

ಆದ್ದರಿಂದ ಚಳಿಗಾಲದ ಕಳೆಯನ್ನು ಔಷಧಿ ಇಲ್ಲದೆ ತೆಗೆಯುವುದು ಹೇಗೆ, ಔಷಧಿ ಹೊಡೆದ ಜಾಗದಲ್ಲಿ ನಮ್ಮನ್ನು ನಾವು ಕಾಪಾಡಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ತಿಳಿಯೋಣ.

ಕಳೆ ಎಂದರೇನು?

ಬೇಡದ ಜಾಗದಲ್ಲಿ ಬೆಳೆದದ್ದೆಲ್ಲ ಕಳೆ. ಗರಿಕೆಯನ್ನೇ ನೋಡಿ. ರಾಗಿ ಹೊಲದಲ್ಲಿ ಗರಿಕೆ ಬಂದರೆ ಶಾಪ ಹಾಕುತ್ತೇವೆ. ಗಣೇಶನ ಹಬ್ಬಕ್ಕೆ ಅದನ್ನೇ ಹುಡುಕಿ ತರುತ್ತಾರೆ. ಲಾನಿನಲ್ಲಿ ಅದೇ ಬೆಳೆ. ನರ್ಸರಿಯವರು 'ಬರ್ಮುಡಾ' ಎಂದು ಮಾರುವ ಹುಲ್ಲು ನಮ್ಮ ಗರಿಕೆಯ ಜಾತಿಯೇ. ಹಾಗಾಗಿ ಲಾನಿನ ಕೆಲಸಕ್ಕೆ ಹೋದಾಗ ಮೊದಲು ಕೇಳಬೇಕಾದ್ದು, "ಇಲ್ಲಿ ಉಳಿಯಬೇಕಾದ ಹುಲ್ಲು ಯಾವುದು?" ಎಂದು. ಮೆಕ್ಸಿಕನ್ ಹುಲ್ಲು ಹಾಕಿದ ಕಡೆ ಗರಿಕೆ ಕಳೆಯಾಗುತ್ತದೆ. ಗರಿಕೆ ಹಾಕಿದ ಕಡೆ ಅದನ್ನು ಕಿತ್ತರೆ ಬೈಗುಳ ತಿನ್ನಬೇಕಾಗುತ್ತದೆ.

ಚಳಿಗಾಲದಲ್ಲೇ ಯಾಕೆ ಜಾಸ್ತಿ?

ನಮ್ಮ ಕಡೆ ಅಕ್ಟೋಬರ್, ನವೆಂಬರ್‌ನಲ್ಲಿ ಹಿಂಗಾರು ಮಳೆ ಬೀಳುತ್ತದೆ. ಮಣ್ಣಿನಲ್ಲಿ ಮಲಗಿದ್ದ ಬೀಜಗಳೆಲ್ಲ ಮೊಳೆಯುತ್ತವೆ. ಡಿಸೆಂಬರ್, ಜನವರಿಯಲ್ಲಿ ರಾತ್ರಿಯ ಚಳಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಲಾನಿನ ಹುಲ್ಲು ಬಿಸಿಲು, ಸೆಕೆ ಬಯಸುವ ಜಾತಿ. ಚಳಿಗೆ ಅದರ ಬೆಳವಣಿಗೆ ನಿಧಾನವಾಗುತ್ತದೆ. ಹುಲ್ಲು ತೆಳುವಾದ ಕಡೆ ನೆಲ ಕಾಣುತ್ತದೆ, ಅಲ್ಲಿ ಕಳೆ ಕೂರುತ್ತದೆ. ಅದರ ಮೇಲೆ ಮಾಲಿ ದಿನಾ ನೀರು ಬಿಡುತ್ತಾನೆ. ಹುಲ್ಲಿಗೆಂದು ಬಿಟ್ಟ ನೀರನ್ನು ಕಳೆ ಕುಡಿಯುತ್ತದೆ. ನಮ್ಮ ಹೊಲದಲ್ಲಿ ಹಿಂಗಾರು ಮುಗಿದ ಮೇಲೆ ನೆಲ ಒಣಗಿ ಕಳೆ ತಾನೇ ಬಾಡುತ್ತದೆ. ಲಾನಿನಲ್ಲಿ ಹಾಗಾಗುವುದಿಲ್ಲ.

ಕಳೆಗಳ ಪರಿಚಯ

1. ಮೂರೆಲೆಯ ಹುಳಿ ಸೊಪ್ಪು: ಲಾನಿನ ದೊಡ್ಡ ತಲೆನೋವು ಇದೇ. ಪುಲ್ಲಂಪುರಚಿ ಎಂದೂ ಕರೆಯುತ್ತಾರೆ. ಹೃದಯದ ಆಕಾರದ ಮೂರು ಎಲೆ, ಸಣ್ಣ ಹಳದಿ ಹೂ. ಸಂಜೆಗೆ ಎಲೆ ಮಡಚಿಕೊಳ್ಳುತ್ತದೆ. ಬಾಯಿಗೆ ಹಾಕಿದರೆ ಹುಳಿ. ಚಿಕ್ಕವರಿದ್ದಾಗ ತಿನ್ನದವರು ಯಾರು? ಇದರ ಕಾಂಡ ನೆಲದ ಮೇಲೆ ಹರಿದು ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ. ಕಾಯಿ ಬಲಿತರೆ ಚಟ್ಟನೆ ಸಿಡಿದು ಬೀಜವನ್ನು ಕೆಲವು ಅಡಿ ದೂರ ಎಸೆಯುತ್ತದೆ. ಅದಕ್ಕೇ ಕಾಯಿ ಕಟ್ಟುವ ಮೊದಲೇ ಕೀಳಬೇಕು.

2. ಕ್ಲೋವರ್: ಮನೆಯವರು, ಮಾಲಿಗಳು ಮೂರೆಲೆ ಕಂಡದ್ದಕ್ಕೆಲ್ಲ 'ಕ್ಲೋವರ್' ಅನ್ನುತ್ತಾರೆ. ನಿಜವಾದ ಬಿಳಿ ಕ್ಲೋವರ್ ತಂಪು ದೇಶದ ಗಿಡ, ಊಟಿಯಂಥ ಕಡೆ ಚೆನ್ನಾಗಿ ಬರುತ್ತದೆ. ಎಲೆ ದುಂಡಗೆ, ಮೇಲೆ ತಿಳಿ ಬಿಳಿ ಗುರುತು, ಹೂ ಬಿಳಿ ಚೆಂಡಿನಂತೆ. ಐರ್ಲೆಂಡ್ ದೇಶದಲ್ಲಿ ಸಂತ ಪ್ಯಾಟ್ರಿಕ್ಕರು ಇಂಥದೇ ಮೂರೆಲೆ ತೋರಿಸಿ ತ್ರಿಯೇಕ ದೇವರ ತತ್ವವನ್ನು ಜನರಿಗೆ ತಿಳಿಸಿದರು ಎಂಬ ಪ್ರತೀತಿ ಇದೆ. ನಮ್ಮ ಕಡೆ ಲಾನಿನಲ್ಲಿ ಕಾಣುವುದು ಹೆಚ್ಚಾಗಿ ಹುಳಿ ಸೊಪ್ಪು, ಇಲ್ಲವೇ ಮೆಂತ್ಯದ ಎಲೆಯಂತೆ ಸಣ್ಣ ಮೂರೆಲೆಯ, ನೆಲಕ್ಕೆ ಅಂಟಿ ಹರಡುವ, ನೇರಳೆ ಬಣ್ಣದ ಪುಟ್ಟ ಹೂವಿನ ಗಿಡ. ಈ ಗಿಡವೂ ಕ್ಲೋವರೂ ಅವರೆ, ಹುರುಳಿಯ ಬಳಗ. ಅವರೆ ಗಿಡ ಕಿತ್ತಾಗ ಬೇರಿನಲ್ಲಿ ಸಣ್ಣ ಗಂಟು ಕಾಣುತ್ತದಲ್ಲ, ಅದೇ ಗಂಟು ಇವಕ್ಕೂ ಇವೆ. ಆ ಗಂಟಿನಿಂದ ಗಾಳಿಯ ಸಾರಜನಕವನ್ನು ತಾವೇ ಹಿಡಿದುಕೊಳ್ಳುತ್ತವೆ. ಆದ್ದರಿಂದ ಗೊಬ್ಬರ ಕಾಣದ ಬಡ ನೆಲದಲ್ಲೂ ಇವು ಸೊಂಪಾಗಿರುತ್ತವೆ, ಹುಲ್ಲು ಸೊರಗುತ್ತದೆ. ಇವು ಹಬ್ಬಿದ ಕಡೆ ಹುಲ್ಲಿಗೆ ಗೊಬ್ಬರ ಸಾಲದು ಎಂದು ತಿಳಿಯಿರಿ.

3. ಜೇಕು: ತುಂಗೆ ಹುಲ್ಲು, ಕೊನ್ನಾರಿ ಎಂದೂ ಹೆಸರು. ನೋಡಲು ಹುಲ್ಲಿನಂತೆ, ಆದರೆ ದಂಟು ಮುಟ್ಟಿ ನೋಡಿದರೆ ಮೂರು ಮೂಲೆ. ನೆಲದೊಳಗೆ ಗಡ್ಡೆಗಳು ಸರದಂತೆ ಒಂದಕ್ಕೊಂದು ಸೇರಿಕೊಂಡಿರುತ್ತವೆ. ಮೇಲಿನದನ್ನು ಎಳೆದರೆ ಗಡ್ಡೆ ಒಳಗೇ ಉಳಿದು ಮತ್ತೆ ಚಿಗುರುತ್ತದೆ. "ಮೊನ್ನೆ ತಾನೆ ಕಿತ್ತಿದ್ದು, ಮತ್ತೆ ಬಂದಿದೆ, ನೀವು ಸರಿಯಾಗಿ ಕೀಳಲಿಲ್ಲ" ಎಂಬ ಮಾತು ನಾವು ಕೇಳುವುದು ಇದರಿಂದಲೇ. ತಪ್ಪು ನಮ್ಮದಲ್ಲ, ಗಡ್ಡೆಯ ಗುಣ ಅದು. ಇದನ್ನು ಮೊದಲೇ ಮನೆಯವರಿಗೆ ತಿಳಿಸಿ ಹೇಳಬೇಕು.

4. ಪಾರ್ಥೇನಿಯಂ: ಕಾಂಗ್ರೆಸ್ ಗಿಡ ಎಂದರೆ ಎಲ್ಲರಿಗೂ ಗೊತ್ತು. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಿದ ಈ ಗಿಡ ದೇಶವೆಲ್ಲ ಹಬ್ಬಿತು. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಇದರಿಂದ ಕೆಲವರಿಗೆ ಚರ್ಮದ ತುರಿಕೆ, ಸೀನು, ಉಬ್ಬಸ ಬರುತ್ತದೆ. ಒಮ್ಮೆ ತುರಿಕೆ ಶುರುವಾದವರಿಗೆ ಮುಟ್ಟಿದಷ್ಟೂ ಜಾಸ್ತಿಯಾಗುತ್ತದೆ. ಇದರ ಎಲೆ ತಿನ್ನುವ ಒಂದು ಜೀರುಂಡೆಯನ್ನು ವಿಜ್ಞಾನಿಗಳು ಮೆಕ್ಸಿಕೋ ದೇಶದಿಂದ ತರಿಸಿ 1984ರಲ್ಲಿ ನಮ್ಮ ಬೆಂಗಳೂರಿನಲ್ಲೇ ಮೊದಲು ಬಿಟ್ಟರು. ಮಾಸಲು ಬಿಳಿ ಮೈ ಮೇಲೆ ಕಪ್ಪು ಗೆರೆಯ ಆ ಹುಳು ಮಳೆಗಾಲದಲ್ಲಿ ಕಂಡರೆ ಕೊಲ್ಲಬೇಡಿ. ಚಳಿಗಾಲಕ್ಕೆ ಅದು ಮಣ್ಣು ಸೇರಿಕೊಳ್ಳುತ್ತದೆ. ಆಗ ಕೀಳುವ ಕೆಲಸ ನಮ್ಮದೇ. ಕೈಗವಸು ಇಲ್ಲದೆ ಇದನ್ನು ಮುಟ್ಟಬಾರದು. ಹೂ ಬಿಡುವ ಮೊದಲೇ ಬೇರುಸಹಿತ ಕೀಳಬೇಕು.

5. ಸೊಪ್ಪಿನ ಜಾತಿ: ಹೊನಗೊನ್ನೆ, ಗೋಣಿ, ಒಂದೆಲಗ, ಕೊಮ್ಮೆ, ದಂಟಿನ ಜಾತಿಗಳು. ಲಾನಿನವರಿಗೆ ಕಳೆ, ನಮಗೆ ಸಾರು. ಇವುಗಳ ವಿಷಯ ಮುಂದೆ ಹೇಳುತ್ತೇವೆ.

ಕೀಳುವ ಕ್ರಮ

• ಹಿಂದಿನ ಸಂಜೆಯೇ ನೀರು ಬಿಡಲು ಮನೆಯವರಿಗೆ ಹೇಳಿ. ನೆಲ ಹದವಾಗಿದ್ದರೆ ಬೇರು ಪೂರ್ತಿ ಬರುತ್ತದೆ. ಒಣ ನೆಲದಲ್ಲಿ ಎಳೆದರೆ ತುಂಡಾಗುತ್ತದೆ, ಬೆರಳೂ ಒಡೆಯುತ್ತದೆ.

• ಹುಳಿ ಸೊಪ್ಪನ್ನು ತುದಿ ಹಿಡಿದು ಎಳೆಯಬೇಡಿ. ನಡುವಿನ ಬುಡ ಹುಡುಕಿ, ಸಣ್ಣ ಕುರ್ಪಿಯಿಂದ ಸಡಿಲಿಸಿ, ಬಳ್ಳಿಯನ್ನು ಗೆಣ್ಣುಗೆಣ್ಣಾಗಿ ಬಿಡಿಸಿಕೊಂಡು ಬನ್ನಿ. ಒಂದು ಗೆಣ್ಣು ಉಳಿದರೂ ಮತ್ತೆ ಗಿಡವಾಗುತ್ತದೆ.

• ಜೇಕಿಗೆ ಹಳೆಯ ಸ್ಕ್ರೂಡ್ರೈವರ್ ಅಥವಾ ಚೂಪು ಸಲಾಕೆ ಒಳ್ಳೆಯದು. ಪಕ್ಕದಲ್ಲಿ ಒಂದು ಗೇಣು ಆಳಕ್ಕೆ ಚುಚ್ಚಿ, ಮಣ್ಣು ಎತ್ತಿ, ಗಡ್ಡೆ ಸಮೇತ ತೆಗೆಯಿರಿ. 15 ದಿನಕ್ಕೊಮ್ಮೆ ಚಿಗುರು ಕಂಡ ತಕ್ಷಣ ಕೀಳುತ್ತಾ ಬಂದರೆ ಗಡ್ಡೆಯ ಶಕ್ತಿ ಕುಂದುತ್ತದೆ. ಒಂದೇ ಸಲಕ್ಕೆ ಹೋಗುತ್ತದೆ ಎಂದು ಯಾರಿಗೂ ಮಾತು ಕೊಡಬೇಡಿ.

• ಕಿತ್ತದ್ದನ್ನು ಹುಲ್ಲಿನ ಮೇಲೆ ಹರಡಬೇಡಿ, ತಕ್ಷಣ ಚೀಲಕ್ಕೆ ಹಾಕಿ. ಹೂ, ಕಾಯಿ ಬಿಡದ ಕಳೆ ಗೊಬ್ಬರದ ಗುಂಡಿಗೆ ಹೋಗಲಿ. ಕಾಯಿ ಬಲಿತದ್ದು, ಜೇಕಿನ ಗಡ್ಡೆ ಗುಂಡಿಗೆ ಬೇಡ. ಗಡ್ಡೆಯನ್ನು ಕಲ್ಲಿನ ಮೇಲೆ ಬಿಸಿಲಿಗೆ ಹರಡಿ ಪೂರ್ತಿ ಒಣಗಿಸಬೇಕು.

• ಕಿತ್ತ ಮೇಲೆ ಖಾಲಿ ಜಾಗ ಬಿಟ್ಟರೆ ಮತ್ತೆ ಕಳೆಯೇ ಬರುತ್ತದೆ. ಮಣ್ಣು, ಮರಳು, ಜರಡಿ ಹಿಡಿದ ಎರೆಗೊಬ್ಬರ ಸೇರಿಸಿ ತುಂಬಿ, ಅದೇ ಹುಲ್ಲಿನ ಬೇರುಳ್ಳ ತುಂಡುಗಳನ್ನು ಒತ್ತಾಗಿ ನೆಡಿ. ಅರೆಬರೆ ಕೊಳೆತ ತಿಪ್ಪೆಗೊಬ್ಬರ ಬೇಡ. ದನ ತಿಂದ ಕಳೆಬೀಜ ಅದರಲ್ಲಿ ಜೀವಂತ ಇರುತ್ತದೆ. ಹೊರಗಿನಿಂದ ಕೆಂಪು ಮಣ್ಣು ತರಿಸಿದರೆ ಅದರಲ್ಲಿ ಜೇಕಿನ ಗಡ್ಡೆ ಇದೆಯೇ ಎಂದು ಕೈಯಾಡಿಸಿ ನೋಡಿ.

• ಮನೆಯವರಿಗೆ ಮೂರು ಮಾತು ಹೇಳಿ: ಹುಲ್ಲನ್ನು ಬೋಳಿಸಿದಂತೆ ಕತ್ತರಿಸಬೇಡಿ, ಒಂದೂವರೆ ಎರಡು ಅಂಗುಲ ಬಿಟ್ಟರೆ ಅದರ ನೆರಳಿಗೇ ಕಳೆಬೀಜ ಮೊಳೆಯುವುದು ಕಡಿಮೆ. ದಿನಾ ಚಿಮುಕಿಸುವ ಬದಲು ನಾಲ್ಕೈದು ದಿನಕ್ಕೊಮ್ಮೆ ಬೇರಿಗೆ ಇಳಿಯುವಂತೆ ನೀರು ಕೊಡಿ. ಓಡಾಡಿ ಗಟ್ಟಿಯಾದ ಕಡೆ ಸಲಾಕೆಯಿಂದ ತೂತು ಮಾಡಿ ಗೊಬ್ಬರ ಉದುರಿಸಿ. ಹುಲ್ಲು ದಟ್ಟವಾದರೆ ಕಳೆಗೆ ಜಾಗವೇ ಇರುವುದಿಲ್ಲ.

ಮತ್ತಾಯನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಗೋಧಿ ಮತ್ತು ಕಳೆಯ ಸಾಮತಿ ಇದೆ. ಕಳೆ ಕೀಳಲು ಹೋದರೆ ಗೋಧಿಯೂ ಕಿತ್ತು ಬಂದೀತು ಎಂದು ಒಡೆಯನು ಆಳುಗಳನ್ನು ತಡೆಯುತ್ತಾನೆ. ಅದು ಮನುಷ್ಯರನ್ನು ಆತುರದಿಂದ ತೀರ್ಪು ಮಾಡಬೇಡಿ ಎಂಬ ಪಾಠ. ಲಾನಿನಲ್ಲಿ ಸುಗ್ಗಿವರೆಗೆ ಕಾಯಲಾಗದು. ಆದರೂ ಒಂದು ಕಿವಿಮಾತು ನಮಗೂ ಸಲ್ಲುತ್ತದೆ: ಒಂದು ಕೈ ಹುಲ್ಲನ್ನು ಒತ್ತಿ ಹಿಡಿದಿರಲಿ, ಇನ್ನೊಂದು ಕೈ ಕಳೆ ಎತ್ತಲಿ.

ಕಳೆ ಔಷಧಿ: ಅದು ಔಷಧಿಯಲ್ಲ, ವಿಷ

'ಔಷಧಿ' ಎಂಬ ಹೆಸರೇ ನಮ್ಮನ್ನು ಮೋಸ ಮಾಡುತ್ತದೆ. ಮೂರು ಹೆಸರುಗಳನ್ನು ನೆನಪಿಡಿ.

2,4-ಡಿ: ಅಗಲ ಎಲೆಯ ಗಿಡಗಳನ್ನು ಸಾಯಿಸುತ್ತದೆ, ಹುಲ್ಲನ್ನು ಉಳಿಸುತ್ತದೆ. ಅದಕ್ಕೇ ಲಾನಿಗೆ ಇದನ್ನು ಹೊಡೆಯುತ್ತಾರೆ. ನಾವು ತಿನ್ನುವ ಸೊಪ್ಪುಗಳೆಲ್ಲ ಅಗಲ ಎಲೆಯವೇ ಎಂಬುದನ್ನು ಮರೆಯಬೇಡಿ. ಗಾಳಿಯಲ್ಲಿ ತೇಲಿ ಪಕ್ಕದ ತೋಟಕ್ಕೆ ಹೋದರೆ ದ್ರಾಕ್ಷಿ, ಟೊಮೇಟೊ ಎಲೆಗಳು ಮುರುಟಿಕೊಳ್ಳುತ್ತವೆ. ದ್ರಾಕ್ಷಿಗೆ ಇದು ಬಹಳ ಬೇಗ ತಾಗುತ್ತದೆ. ನಮ್ಮ ತಾಲ್ಲೂಕಿನಲ್ಲಿ ದ್ರಾಕ್ಷಿ ತೋಟದವರೂ, ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವವರೂ ಇದ್ದಾರೆ. ಅವರ ಪಕ್ಕ ಇಂಥದ್ದು ಹೊಡೆಯುವುದು ಅಪಾಯ.

ಗ್ಲೈಫೋಸೇಟ್: ಹಸಿರು ಎಂದದ್ದನ್ನೆಲ್ಲ ಸಾಯಿಸುತ್ತದೆ, ಲಾನಿನ ಹುಲ್ಲನ್ನೂ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಇದನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರ್ ತರುವಂಥದ್ದು ಎಂಬ ಗುಂಪಿಗೆ ಸೇರಿಸಿತು. ತರಬೇತಿ ಪಡೆದ ಕೀಟನಿಯಂತ್ರಕರೇ ಇದನ್ನು ಬಳಸಬೇಕೆಂದು ಕೇಂದ್ರ ಸರ್ಕಾರ 2022ರಲ್ಲಿ ಅಧಿಸೂಚನೆ ಹೊರಡಿಸಿತು. ದಿನಗೂಲಿಗೆ ಹೋದ ನಮ್ಮ ಕೈಗೆ ಪಂಪು ಕೊಡುವಂಥ ವಸ್ತು ಇದಲ್ಲ.

ಪ್ಯಾರಾಕ್ವಾಟ್: ಅತಿ ಅಪಾಯದ್ದು. ಸ್ವಲ್ಪ ಹೊಟ್ಟೆಗೆ ಹೋದರೂ ಶ್ವಾಸಕೋಶ, ಮೂತ್ರಪಿಂಡ ಹಾಳಾಗುತ್ತವೆ. ಇದಕ್ಕೆ ಪ್ರತಿಮದ್ದು ಇಲ್ಲ.

ಡಬ್ಬಿಯ ಮೇಲಿನ ಬಣ್ಣದ ಗುರುತನ್ನು ಓದು ಬಾರದವರೂ ನೋಡಬಹುದು. ಕೆಂಪು ಎಂದರೆ ಅತಿ ತೀವ್ರ ವಿಷ. ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಇದ್ದರೆ ವಿಷ ಇಲ್ಲ ಎಂದಲ್ಲ, ಉಳಿದವಕ್ಕಿಂತ ಕಡಿಮೆ ಎಂದಷ್ಟೇ. ಗುರುತೇ ಇಲ್ಲದ, ನೀರಿನ ಬಾಟಲಿಯಲ್ಲಿ ತುಂಬಿಟ್ಟ ಔಷಧಿಯನ್ನು ಎಂಥಾ ಕೂಲಿ ಕೊಟ್ಟರೂ ಮುಟ್ಟಬೇಡಿ. ಖಾಲಿ ಡಬ್ಬಿಯನ್ನು ಎಣ್ಣೆಗೆ, ನೀರಿಗೆ ಎಂದು ಮನೆಗೆ ತರಬೇಡಿ. ಎಷ್ಟು ತೊಳೆದರೂ ಅದು ಅಡುಗೆಮನೆಯ ವಸ್ತು ಆಗುವುದಿಲ್ಲ.

ಮೈ ಮೇಲೆ ಬಿದ್ದರೆ ಬಟ್ಟೆ ಬಿಚ್ಚಿ, ಸೋಪು ಹಚ್ಚಿ ಧಾರಾಳ ನೀರಿನಲ್ಲಿ ತೊಳೆಯಿರಿ. ನಾಚಿಕೊಂಡು ಸಂಜೆವರೆಗೆ ಅದೇ ಒದ್ದೆ ಸೀರೆಯಲ್ಲಿ ಇರಬೇಡಿ. ಕಣ್ಣಿಗೆ ಬಿದ್ದರೆ 15 ನಿಮಿಷ ಶುದ್ಧ ನೀರು ಹಾಕುತ್ತಾ ಇರಿ. ಹೊಟ್ಟೆಗೆ ಹೋಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. 108ಕ್ಕೆ ಫೋನ್ ಮಾಡಿ, ಡಬ್ಬಿಯನ್ನೂ ಜೊತೆಗೆ ಆಸ್ಪತ್ರೆಗೆ ಒಯ್ಯಿರಿ. ಯಾವ ವಿಷ ಎಂದು ಗೊತ್ತಾದರೆ ಡಾಕ್ಟರಿಗೆ ಚಿಕಿತ್ಸೆ ಸುಲಭ.

ಸೊಪ್ಪು ತರುವ ಮೊದಲು

ಬೆರಕೆ ಸೊಪ್ಪು ನಮ್ಮ ಸೀಮೆಯ ಹೆಮ್ಮೆ. ಕಬ್ಬಿಣ ಸತ್ವ ಇರುವ ಊಟ, ಕಾಸು ಖರ್ಚಿಲ್ಲ. ರಕ್ತಹೀನತೆ ಇರುವ ಎಷ್ಟೋ ತಾಯಂದಿರಿಗೆ ಸೊಪ್ಪು ತಿನ್ನಿ ಎಂದು ನಾವೇ ಹೇಳಿದ್ದೇವೆ. ಆ ಮಾತನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೆ ಲಾನಿನ ಸೊಪ್ಪಿಗೆ ನಾಲ್ಕು ನಿಯಮ:

1. ಕೆಲಸ ಶುರು ಮಾಡುವ ಮೊದಲೇ ಕೇಳಿ: "ಇಲ್ಲಿ ಔಷಧಿ ಹೊಡೆದಿದ್ದೀರಾ? ಯಾವಾಗ? ಯಾವುದು?" ಮನೆಯವರನ್ನೂ ಕೇಳಿ, ಮಾಲಿಯನ್ನೂ ಕೇಳಿ.

2. ಹೊಡೆದ ಜಾಗದ ಸೊಪ್ಪು ಆ ಹಂಗಾಮು ಪೂರ್ತಿ ಬೇಡ. ಮನೆಯ ಹಸು, ಮೇಕೆ, ಮೊಲಕ್ಕೂ ಅಲ್ಲಿನ ಹುಲ್ಲು ಬೇಡ. ಉತ್ತರ ಸರಿಯಾಗಿ ಸಿಗದಿದ್ದರೆ ಹೊಡೆದಿದ್ದಾರೆ ಎಂದೇ ತಿಳಿಯಿರಿ.

3. ಎಲೆ ಮುರುಟಿದ್ದರೆ, ದಂಟು ತಿರುಚಿಕೊಂಡಿದ್ದರೆ, ಹಳದಿ ಚುಕ್ಕೆ ಇದ್ದರೆ ಬಿಟ್ಟುಬಿಡಿ. ಆದರೆ ಔಷಧಿ ಬಿದ್ದ ಒಂದೆರಡು ದಿನ ಎಲೆ ಹಸಿರಾಗಿಯೇ ಕಾಣುತ್ತದೆ. ಕಣ್ಣನ್ನು ಮಾತ್ರ ನಂಬಬೇಡಿ. ತೊಳೆದರೆ, ಬೇಯಿಸಿದರೆ ಹೋಗುತ್ತದೆ ಎಂದೂ ನಂಬಬೇಡಿ. ಎಲೆ ಅದನ್ನು ಒಳಕ್ಕೆ ಹೀರಿಕೊಂಡಿರುತ್ತದೆ.

4. ಹುಳಿ ಸೊಪ್ಪಿನ ಚಟ್ನಿ ರುಚಿ ಹೌದು, ಆದರೆ ಮೂತ್ರಪಿಂಡದಲ್ಲಿ ಕಲ್ಲು ಆದವರು ತಿನ್ನಬಾರದು. ಉಳಿದವರೂ ಅಪರೂಪಕ್ಕೆ, ಸ್ವಲ್ಪವೇ.

ಸಂಘವೇ ಕೆಲಸ ಹಿಡಿದರೆ

ಒಬ್ಬೊಬ್ಬರೇ ಹೋದಾಗ "ಔಷಧಿ ಹೊಡಿ, ಇಲ್ಲಾಂದ್ರೆ ನಾಳೆ ಬರಬೇಡ" ಎಂದರೆ ಎದುರಾಡಲು ಧೈರ್ಯ ಬರುವುದಿಲ್ಲ. ನಾಲ್ಕೈದು ಜನ ಸೇರಿ ಸಂಘದ ಹೆಸರಿನಲ್ಲಿ ಕೆಲಸ ಒಪ್ಪಿಕೊಂಡರೆ ಮಾತಿಗೆ ಬೆಲೆ ಬರುತ್ತದೆ. ಒಪ್ಪಿಕೊಳ್ಳುವ ಮೊದಲು ಲೆಕ್ಕ ಹಾಕಿ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಚೌಕಕ್ಕೆ ದಾರ ಕಟ್ಟಿ, ಇಬ್ಬರು ಕೂತು ಪೂರ್ತಿ ಕಿತ್ತು, ಎಷ್ಟು ಹೊತ್ತು ಆಯಿತು ನೋಡಿ. ಅರ್ಧ ಗಂಟೆ ಆಯಿತು ಅಂದುಕೊಳ್ಳಿ. 30-40 ಸೈಟಿನಷ್ಟು ಲಾನ್ ಎಂದರೆ 1,200 ಚದರ ಅಡಿ, ಅಂದರೆ ಅಂಥ 12 ಚೌಕ. ಇಬ್ಬರಿಗೆ ಆರು ಗಂಟೆಯ ಕೆಲಸ. ಕಳೆ ದಟ್ಟವಾಗಿದ್ದರೆ ಇನ್ನೂ ಜಾಸ್ತಿ. ಈ ಲೆಕ್ಕ ಕೈಯಲ್ಲಿದ್ದರೆ ಬಾಯಿಗೆ ಬಂದ ಕೂಲಿಗೆ ಒಪ್ಪಿಕೊಳ್ಳುವ ಪ್ರಮೇಯ ಬರುವುದಿಲ್ಲ.

ಒಂದೇ ಸಲಕ್ಕೆ ಅಲ್ಲ, ಮೂರು ಸುತ್ತಿಗೆ ಮಾತಾಡಿ: ದೀಪಾವಳಿ ಕಳೆದ ಮೇಲೆ ಮೊದಲ ಸುತ್ತು, 15 ದಿನ ಬಿಟ್ಟು ಎರಡನೆಯದು, ಕ್ರಿಸ್ಮಸ್ ಹೊತ್ತಿಗೆ ಮೂರನೆಯದು. ಬೀಜ ಬಿಡುವ ಮೊದಲೇ ಮೂರು ಸುತ್ತು ಮುಗಿದರೆ ಮುಂದಿನ ವರ್ಷ ಕಳೆ ಕಡಿಮೆ. ಔಷಧಿ ಹೊಡೆಯುವ ಕೆಲಸ ನಮ್ಮದಲ್ಲ ಎಂದು ಮೊದಲೇ ಹೇಳಿ. ನಾವು ಕೆಲಸ ಮಾಡುವ ದಿನಗಳಲ್ಲಿ ಬೇರೆಯವರಿಂದಲೂ ಹೊಡೆಸಬಾರದು ಎಂದು ಹೇಳಿ. ಕೈಗವಸು ಅವರು ಕೊಡದಿದ್ದರೆ ಸಂಘದ ಉಳಿತಾಯದಿಂದ ಕೊಳ್ಳಿ. ಸೀರೆ ಮೇಲೆ ಮನೆಯವರ ಹಳೇ ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಚಿಕ್ಕ ಮಕ್ಕಳನ್ನು ಕೆಲಸದ ಜಾಗಕ್ಕೆ ಕರೆದೊಯ್ಯಬೇಡಿ, ಅಂಗನವಾಡಿಗೆ ಬಿಡಿ.

ಹೆಚ್ಚಿನ ಮಾಹಿತಿ ಬೇಕಾದರೆ ನಮ್ಮ ತಾಲ್ಲೂಕಿನ ಹಾಡೋನಹಳ್ಳಿಯಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ. ಗುರುತು ಸಿಗದ ಕಳೆಯನ್ನು ಬೇರುಸಹಿತ ಕಾಗದದಲ್ಲಿ ಸುತ್ತಿ ಅಲ್ಲಿಗೆ ಒಯ್ದು ಕೇಳಬಹುದು.

ಆ ದಿನ ಸೊಪ್ಪು ಹೂತ ಸದಸ್ಯೆ ಈಗ ಕೆಲಸಕ್ಕೆ ಹೋದ ಕಡೆಯಲ್ಲೆಲ್ಲ ಮೊದಲು ಔಷಧಿ ವಿಷಯ ಕೇಳುತ್ತಾರೆ. "ಮೊದಲು ಕೇಳೋಕೆ ಭಯ ಆಗ್ತಿತ್ತು ಸಿಸ್ಟರ್. ಈಗ ಕೇಳದೆ ಇರೋಕೆ ಭಯ" ಎನ್ನುತ್ತಾರೆ. ನೀವೂ ಕೇಳಿ.

ಮುಂದಿನ ಸಭೆಯಲ್ಲಿ ಚರ್ಚಿಸಿ

• ನಮ್ಮ ಸಂಘದಲ್ಲಿ ಎಷ್ಟು ಜನ ಲಾನ್, ತೋಟದ ಕಳೆ ಕೆಲಸಕ್ಕೆ ಹೋಗುತ್ತಾರೆ? ಅವರಲ್ಲಿ ಯಾರ ಕೈಗಾದರೂ ಔಷಧಿ ಪಂಪು ಕೊಟ್ಟಿದ್ದಾರೆಯೇ?

• ಕೈ ತುರಿಕೆ, ಉಬ್ಬಸ ಇರುವವರು ಯಾರಾದರೂ ಹೇಳಿಕೊಳ್ಳದೆ ಸುಮ್ಮನಿದ್ದಾರೆಯೇ?

• ಸಂಘದ ಹೆಸರಿನಲ್ಲಿ ಕಳೆ ಕೆಲಸ ಒಪ್ಪಿಕೊಳ್ಳಲು ಯಾರು ಮುಂದೆ ಬರುತ್ತೀರಿ? ಕೈಗವಸು, ಕುರ್ಪಿಗಳಿಗೆ ಎಷ್ಟು ಹಣ ಬೇಕು?

ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಎಲ್ಲರೂ ಸಹಿ ಮಾಡಿ.